ಅಗ್ಗದ ಅಸಲಿ, ಅಗ್ಗದ ನಕಲಿ

ಹತ್ತು ಲಕ್ಷದ ವಾಚನ್ನೂ ಅದರ ಸಾವಿರ ರೂಪಾಯಿಯ ನಕಲನ್ನೂ ಪಕ್ಕಪಕ್ಕ ಇಟ್ಟು ತೂಗುವವರು ಮೂರನೆಯ ವಾಚೊಂದನ್ನು ಮರೆಯುತ್ತಾರೆ. ಅದು ತಯಾರಾದದ್ದು ಹೊಸೂರು, ಜಾಲಹಳ್ಳಿ, ತುಮಕೂರುಗಳಲ್ಲಿ.

ಹೊಸೂರಿನಿಂದ ರಾಯಕೋಟೆ, ಪಾಲಕ್ಕೋಡು ಹಾದು ಬರುವ ಹೆದ್ದಾರಿ ಅದಿಯಮಾನ್‌ಕೋಟೆಯ ಬಳಿ ಬೆಂಗಳೂರು–ಸೇಲಂ ಹೆದ್ದಾರಿಯನ್ನು ಕೂಡಿಕೊಳ್ಳುತ್ತದೆ. ತಗಡೂರಿನ, ಎಂದರೆ ಇಂದಿನ ಧರ್ಮಪುರಿಯ, ಅರಸ ಅದಿಯಮಾನನ ಹೆಸರು ಹೊತ್ತ ಊರು ಇದು. ತಮಿಳಿನ ಜೊತೆಗೆ ಕನ್ನಡ, ತೆಲುಗುಗಳೂ ಮನೆಮಾತಾಗಿರುವ ಈ ಗಡಿ ಸೀಮೆಗೆ ನಾಲ್ಕು ದಶಕಗಳಿಂದ ಇನ್ನೊಂದು ಗುರುತೂ ಸೇರಿಕೊಂಡಿದೆ. ಇದು ಕೈಗಡಿಯಾರದ ಸೀಮೆ. ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಹೊಸೂರನ್ನು ಒಳಗೊಂಡ ಕೃಷ್ಣಗಿರಿ ಜಿಲ್ಲೆ ಧರ್ಮಪುರಿಯಿಂದ ಬೇರೆಯಾದದ್ದು 2004ರಲ್ಲಿ. ಹಾಗಾಗಿ 1980ರ ದಶಕದಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಕೈಜೋಡಿಸಿ ಹೊಸೂರಿನಲ್ಲಿ ಟೈಟಾನ್ ಕಾರ್ಖಾನೆ ಕಟ್ಟಿದಾಗ ಅದು ಧರ್ಮಪುರಿ ಜಿಲ್ಲೆಯ ಕಾರ್ಖಾನೆಯೇ ಆಗಿತ್ತು. ಗಡಿಯ ಈಚೆಗೆ, ಬೆಂಗಳೂರಿನ ಜಾಲಹಳ್ಳಿಯಲ್ಲಿ, ಅದಕ್ಕೂ ಎರಡು ದಶಕ ಮೊದಲೇ ಎಚ್‌ಎಂಟಿ ವಾಚುಗಳು ತಯಾರಾಗುತ್ತಿದ್ದವು. ಭಾರತೀಯರು ಕೈಗೆ ಕಟ್ಟಿಕೊಂಡ ಕೋಟ್ಯಂತರ ವಾಚುಗಳ ಮೂಲ ಹುಡುಕಿ ಹೊರಟರೆ ದೊಡ್ಡದೊಂದು ಪಾಲು ಬಂದು ನಿಲ್ಲುವುದು ಈ ಎರಡು ಊರುಗಳಲ್ಲೇ. ಅಸಲಿ ವಾಚು, ನಕಲಿ ವಾಚು ಎಂಬ ಚರ್ಚೆಯನ್ನು ಸ್ವಿಟ್ಜರ್ಲೆಂಡಿನ ಬದಲು ಇಲ್ಲಿಂದ ಆರಂಭಿಸಿದರೆ ಬೇರೆಯದೇ ಉತ್ತರ ಸಿಗುತ್ತದೆ ಎಂಬುದು ಈ ಲೇಖನದ ವಾದ.

ಸಾಮಾನ್ಯವಾಗಿ ಆ ಚರ್ಚೆ ನಡೆಯುವುದು ಎರಡೇ ವಾಚುಗಳ ನಡುವೆ. ಒಂದು ಕಡೆ ಹತ್ತು ಲಕ್ಷ ರೂಪಾಯಿಯ ಆಸುಪಾಸಿನ ರೋಲೆಕ್ಸ್. ಇನ್ನೊಂದು ಕಡೆ ಅದೇ ಡಯಲ್, ಅದೇ ಕಿರೀಟದ ಚಿಹ್ನೆ, ಅದೇ ಹೆಸರು ಹೊತ್ತು ಸಾವಿರ–ಎರಡು ಸಾವಿರಕ್ಕೆ ಸಿಗುವ ‘ಫಸ್ಟ್ ಕಾಪಿ’. ಎರಡೂ ಗಂಟೆ ತೋರಿಸುತ್ತವೆ, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಹಾಗಿರುವಾಗ ಲಕ್ಷಗಟ್ಟಲೆ ಸುರಿಯುವವರು ದಡ್ಡರಲ್ಲವೇ ಎಂದು ಒಂದು ಪಕ್ಷ ಕೇಳುತ್ತದೆ. ಕಾಪಿ ಕಟ್ಟಿಕೊಳ್ಳುವುದು ಮರ್ಯಾದೆಗೇಡು ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಹೋಲಿಕೆಯಲ್ಲೇ ತಪ್ಪಿರುವುದರಿಂದ ಎರಡೂ ಪಕ್ಷಗಳು ದಾರಿ ತಪ್ಪಿವೆ. ಸಾವಿರ ರೂಪಾಯಿ ಹಿಡಿದು ಅಂಗಡಿಗೆ ಹೋದವರ ಮುಂದೆ ಹತ್ತು ಲಕ್ಷದ ವಾಚು ಆಯ್ಕೆಯಾಗಿ ಇರುವುದೇ ಇಲ್ಲ. ಅವರ ಮುಂದೆ ನಿಜವಾಗಿ ಇರುವುದು ಎರಡು ಅಗ್ಗದ ವಾಚುಗಳು: ತನ್ನದೇ ಹೆಸರು ಹೊತ್ತ ಒಂದು, ಬೇರೆಯವರ ಹೆಸರು ಹೊತ್ತ ಇನ್ನೊಂದು. ನಕಲಿ ವಾಚನ್ನು ಹೋಲಿಸಬೇಕಾದದ್ದು ಅದೇ ಬೆಲೆಯ ಪ್ರಾಮಾಣಿಕ ವಾಚಿನೊಂದಿಗೆ. ಆ ಪರೀಕ್ಷೆಯಲ್ಲಿ ನಕಲಿ ಸೋಲುವುದು ನೀತಿಯ ಲೆಕ್ಕದಲ್ಲಷ್ಟೇ ಅಲ್ಲ, ಕೊಟ್ಟ ದುಡ್ಡಿನ ಲೆಕ್ಕದಲ್ಲೂ ಹೌದು.

ಬೆಲೆಗೂ ನಿಖರತೆಗೂ ನಂಟಿಲ್ಲ

ಮೊದಲು ಒಪ್ಪಿಕೊಳ್ಳಬೇಕಾದ ಸತ್ಯವೊಂದಿದೆ. ಸಮಯ ತೋರಿಸುವ ಕೆಲಸದಲ್ಲಿ ದುಬಾರಿ ವಾಚು ಅಗ್ಗದ ವಾಚನ್ನು ಸೋಲಿಸುವುದಿಲ್ಲ. ಸೆಲ್ ಹಾಕುವ ಸಾಧಾರಣ ಕ್ವಾರ್ಟ್ಜ್ ವಾಚಿನೊಳಗೆ ಸಣ್ಣದೊಂದು ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಉಳಿಯುವುದು ಒಂದು. ಒಳಗಿನ ಚಿಪ್ ಮಾಡುವುದೂ ಅದನ್ನೇ. ಸೆಕೆಂಡಿಗೆ ಒಂದು ಸಲ ಪುಟ್ಟ ಮೋಟಾರಿಗೆ ಸಂಕೇತ ಕೊಡುತ್ತದೆ, ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಇಂಥ ವಾಚು ತಿಂಗಳಿಗೆ ಹೆಚ್ಚೆಂದರೆ ಹದಿನೈದು ಸೆಕೆಂಡು, ಎಂದರೆ ದಿನಕ್ಕೆ ಅರ್ಧ ಸೆಕೆಂಡು, ಹಿಂದೆ ಮುಂದೆ ಆಗಬಹುದು. ರೋಲೆಕ್ಸ್ ತನ್ನ ಕೀಲಿ ವಾಚಿಗೆ ಕೊಡುವ ಭರವಸೆ ದಿನಕ್ಕೆ ಎರಡು ಸೆಕೆಂಡಿನ ಒಳಗೆ ಎಂದು. ಸ್ವಿಟ್ಜರ್ಲೆಂಡಿನ ಕ್ರೋನೊಮೀಟರ್ ಪರೀಕ್ಷಾ ಸಂಸ್ಥೆಯಾದ ಸಿಒಎಸ್‌ಸಿ ಹದಿನೈದು ದಿನ, ಐದು ಭಂಗಿಗಳಲ್ಲಿ, ಮೂರು ಬಗೆಯ ಉಷ್ಣತೆಯಲ್ಲಿ ಪರೀಕ್ಷಿಸಿ, ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಅಥವಾ ಆರು ಸೆಕೆಂಡು ಮುಂದೆ ಎಂಬ ಮಿತಿಯೊಳಗಿದ್ದರೆ ಪ್ರಮಾಣಪತ್ರ ಕೊಡುತ್ತದೆ. ಚಕ್ರ ಮತ್ತು ಸ್ಪ್ರಿಂಗಿನಿಂದ ಇಷ್ಟನ್ನು ಸಾಧಿಸುವುದು ದೊಡ್ಡ ಕೌಶಲ. ಆದರೂ ಹೊಸೂರಿನ ಟೈಟಾನ್‌ನ ಸಾವಿರ ರೂಪಾಯಿಯ ಸೊನಾಟಾ ಅದಕ್ಕಿಂತ ಸರಿಯಾದ ಸಮಯ ತೋರಿಸುತ್ತದೆ.

ಹಾಗಾದರೆ ಆ ಹತ್ತು ಲಕ್ಷ ಹೋಗುವುದು ಎಲ್ಲಿಗೆ? ಒಂದು ಭಾಗ ಪದಾರ್ಥಕ್ಕೆ: ಉಪ್ಪುನೀರಿಗೆ ಜಗ್ಗದ ಉಕ್ಕು, ಮರಳಿನ ಕಣಕ್ಕೂ ಗೀರು ಬೀಳದ ಕೃತಕ ನೀಲದ (ಸಫೈರ್) ಗಾಜು. ಇನ್ನೊಂದು ಭಾಗ ಕೆಲಸಗಾರರ ಸಮಯಕ್ಕೆ: ಯಾರ ಕಣ್ಣಿಗೂ ಬೀಳದ ಬಿಡಿಭಾಗದ ಅಂಚನ್ನೂ ಉಜ್ಜಿ ಹೊಳಪು ಕೊಡುವುದಕ್ಕೆ, ಪ್ರತಿ ವಾಚನ್ನೂ ನೀರಿನ ಒತ್ತಡದಲ್ಲಿ ಪರೀಕ್ಷಿಸುವುದಕ್ಕೆ. ಮತ್ತೊಂದು ಭಾಗ ಮುಂದಿನ ತಲೆಮಾರುಗಳ ರಿಪೇರಿಗೆ. ಪಟೆಕ್ ಫಿಲಿಪ್ ತಾನು 1839ರಿಂದ ಈಚೆಗೆ ಮಾಡಿದ ಯಾವ ವಾಚನ್ನಾದರೂ ಸರಿಪಡಿಸಿಕೊಡುವುದಾಗಿ ಹೇಳುತ್ತದೆ. ಆ ಮಾತನ್ನು ಉಳಿಸಿಕೊಳ್ಳಲು ಹಳೆಯ ನಕ್ಷೆ, ಹಳೆಯ ಭಾಗ, ಹಳೆಯ ಕಸುಬು ಮೂರನ್ನೂ ಕಾಪಾಡಬೇಕು. ಇವೆಲ್ಲ ಕಳೆದ ಮೇಲೂ ದೊಡ್ಡ ಮೊತ್ತವೊಂದು ಉಳಿಯುತ್ತದೆ. ಅದು ಜಾಹೀರಾತಿಗೆ, ಬೇಡಿಕೆಗಿಂತ ಪೂರೈಕೆ ಕಡಿಮೆ ಇರುವುದಕ್ಕೆ, ಕಟ್ಟಿಕೊಂಡವರಿಗೆ ಸಿಗುವ ಅಂತಸ್ತಿಗೆ ತೆರುವ ಬೆಲೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಐಷಾರಾಮಿ ವಾಚಿನ ಬೆಲೆಯಲ್ಲಿ ಸರಕಿನ ಪಾಲೂ ಇದೆ, ಹೆಸರಿನ ಪಾಲೂ ಇದೆ. ಕಾಪಿ ಕದಿಯುವುದು ಆ ಎರಡನೆಯದನ್ನು ಮಾತ್ರ. ಪದಾರ್ಥ, ಶ್ರಮ, ರಿಪೇರಿ ಈ ಮೂರೂ ಅದರ ಕೈಗೆ ಎಟುಕುವುದಿಲ್ಲ.

ಮುಚ್ಚಳ ಬಿಚ್ಚಿ ನೋಡಿದರೆ

ಅಗ್ಗದ ಕಾಪಿಯ ಹಿಂಬದಿಯ ಮುಚ್ಚಳ ಎಬ್ಬಿಸಿ ನೋಡಿದರೆ ಅದನ್ನು ಮಾಡಿದವರ ಲೆಕ್ಕಾಚಾರ ಕಣ್ಣಿಗೆ ಕಟ್ಟುತ್ತದೆ. ಅಗಲವಾದ ಕೇಸಿನ ನಡುವೆ ಉಗುರಿನಗಲದ ಮೆಷಿನ್. ಅದು ಅಲುಗಾಡದಂತೆ ಸುತ್ತ ತುಂಬಿಸಿದ ಬಿಳಿ ಪ್ಲಾಸ್ಟಿಕ್ ಬಳೆ. ಕೇಸು ಸತುವಿನ ಮಿಶ್ರಲೋಹದ್ದು, ಮೇಲೆ ಕೂದಲೆಳೆಗಿಂತ ತೆಳುವಾದ ಹೊಳೆಯುವ ಲೇಪ. ಡಯಲಿನ ಮೇಲೆ 300 ಮೀಟರ್ ಆಳದ ನೀರನ್ನು ತಡೆಯುತ್ತದೆ ಎಂದು ಅಚ್ಚಾಗಿರುತ್ತದೆ. ಮುಚ್ಚಳದ ಸುತ್ತ ಇರಬೇಕಾದ ರಬ್ಬರ್ ವಾಷರ್ ಒಣದಾರದಂತೆ ಸಡಿಲವಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೆಲವದರ ಡಯಲಿನಲ್ಲಿ ಮೂರು ಪುಟ್ಟ ವೃತ್ತಗಳಿದ್ದು, ಓಟದ ಸಮಯ ಅಳೆಯುವ ವಾಚಿನಂತೆ ಕಾಣುತ್ತವೆ. ಪಕ್ಕದ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಏಕೆಂದರೆ ಆ ಮುಳ್ಳುಗಳು ಅಂಟಿಸಿದವು. ತಾರೀಖಿನ ಮೇಲೆ ಮಸೂರವಿರುತ್ತದೆ. ರೋಲೆಕ್ಸಿನ ಮಸೂರ ಅಂಕಿಯನ್ನು ಎರಡೂವರೆ ಪಟ್ಟು ಹಿಗ್ಗಿಸಿದರೆ ಇದು ಅಂಕಿಯನ್ನು ಇದ್ದಷ್ಟೇ ತೋರಿಸುತ್ತದೆ. ನಮ್ಮ ಸೀಮೆಯ ಬೇಸಿಗೆಯ ಬೆವರಿಗೆ ಲೇಪ ಕೆಲವೇ ತಿಂಗಳಲ್ಲಿ ಎದ್ದುಬಂದು, ಕೆಳಗಿನ ಲೋಹ ಚರ್ಮಕ್ಕೆ ತಾಗುತ್ತದೆ. ಅದರಲ್ಲಿ ನಿಕೆಲ್ ಇದ್ದರೆ, ನಿಕೆಲ್ ಆಗದವರ ಮಣಿಕಟ್ಟು ಕೆಂಪಾಗಿ ತುರಿಸತೊಡಗುತ್ತದೆ. ಚರ್ಮಕ್ಕೆ ತಾಗುವ ವಸ್ತುಗಳಿಂದ ಎಷ್ಟು ನಿಕೆಲ್ ಹೊರಬರಬಹುದು ಎಂಬುದಕ್ಕೆ ಯುರೋಪ್ ಕಾನೂನಿನಲ್ಲೇ ಮಿತಿ ಹಾಕಿದೆ. ಹೆಸರೇ ಇಲ್ಲದವರ ಮೇಲೆ ಅಂಥ ಮಿತಿ ಹೇರುವವರು ಯಾರು?

ಇದನ್ನೆಲ್ಲ ಕಾಪಿ ಮಾಡುವವರ ಬೇಜವಾಬ್ದಾರಿ ಎಂದು ತಳ್ಳಿಹಾಕಿದರೆ ಮುಖ್ಯ ವಿಷಯ ಕೈತಪ್ಪುತ್ತದೆ. ಆ ಧಂದೆಯ ಲೆಕ್ಕವೇ ಹಾಗಿದೆ. ಸಾವಿರ ರೂಪಾಯಿಗೆ ಮಾರುವ ವಾಚಿಗೆ ತಯಾರಕ ಹಾಕಬಹುದಾದ ಬಂಡವಾಳ ಕೆಲವು ನೂರು ರೂಪಾಯಿ. ಆ ಕೆಲವು ನೂರನ್ನು ಎಲ್ಲಿ ಹಾಕಬೇಕು ಎಂಬುದೇ ಅವನ ಮುಂದಿನ ಪ್ರಶ್ನೆ. ಕಾಪಿ ಮಾರಾಟವಾಗುವುದು ನೋಟದಿಂದ, ಅದೂ ಅಂಗಡಿಯ ಮುಂದೆ ನಿಂತ ಎರಡು ನಿಮಿಷದಲ್ಲಿ. ಆದ್ದರಿಂದ ಹಣವೆಲ್ಲ ಹೊರಮೈಗೆ ಹೋಗುತ್ತದೆ: ಲೇಪಕ್ಕೆ, ಚಿಹ್ನೆಗೆ, ಭಾರಕ್ಕೆ, ಡಬ್ಬಿಗೆ. ಒಳಗಿನ ಮೆಷಿನ್, ವಾಷರ್, ಗಾಜು ಇವುಗಳಿಗೆ ಉಳಿಯುವುದು ಚಿಲ್ಲರೆ. ಒಳಗೆ ಒಳ್ಳೆಯದನ್ನು ಹಾಕಿದರೂ ಅವನಿಗೆ ಲಾಭವಿಲ್ಲ. ವಾಚು ಹತ್ತು ವರ್ಷ ನಡೆದರೂ ಅದರ ಕೀರ್ತಿ ಡಯಲಿನ ಮೇಲಿರುವ ಹೆಸರಿಗೆ ಸೇರುತ್ತದೆ, ಅವನಿಗೆ ಬರುವುದಿಲ್ಲ. ಮೂರು ತಿಂಗಳಲ್ಲಿ ನಿಂತರೂ ನಷ್ಟವಿಲ್ಲ, ಗಿರಾಕಿ ಅವನನ್ನು ಹುಡುಕಿ ಬರುವುದು ಸಾಧ್ಯವೇ ಇಲ್ಲ. ತನ್ನ ಹೆಸರಿನಲ್ಲಿ ಮಾರುವವನ ಸ್ಥಿತಿ ಇದಕ್ಕೆ ತದ್ವಿರುದ್ಧ. ಆತನ ಸಾವಿರ ರೂಪಾಯಿ ವಾಚು ನಿಂತರೆ ಗಿರಾಕಿ ಅದೇ ಹೆಸರು ಹಿಡಿದು ಅಂಗಡಿಗೆ ಬರುತ್ತಾನೆ, ನೆಂಟರಿಗೂ ಹೇಳುತ್ತಾನೆ. ಆದ್ದರಿಂದ ಆತ ಡಬ್ಬಿಯಲ್ಲಿ ಉಳಿಸಿ ಮೆಷಿನ್‌ಗೆ ಹಾಕುತ್ತಾನೆ. ಒಂದೇ ಬೆಲೆಯ ಎರಡು ವಾಚುಗಳಲ್ಲಿ ದುಡ್ಡು ಎರಡು ವಿರುದ್ಧ ದಿಕ್ಕಿಗೆ ಹರಿಯುವುದು ಹೀಗೆ.

ಜನತಾ ಎಂಬ ಅಸಲಿ

ಅಗ್ಗದ ವಾಚೂ ಅಸಲಿಯಾಗಿರಬಹುದು ಎಂಬುದಕ್ಕೆ ನಮ್ಮಲ್ಲಿರುವ ದೊಡ್ಡ ಸಾಕ್ಷಿ ಎಚ್‌ಎಂಟಿ. 1953ರಲ್ಲಿ ಯಂತ್ರೋಪಕರಣಗಳಿಗಾಗಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರು ಮಾಡಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಹೆಸರೇ ಹೇಳುವಂತೆ ಅದರ ‘ಜನತಾ’ ಜನಸಾಮಾನ್ಯರ ವಾಚು: ಕೀಲಿ ಕೊಡುವ ಮೆಷಿನ್, ಸಾದಾ ಡಯಲ್, ತಾರೀಖೂ ಇಲ್ಲ. ಆದರೆ ಒಳಗೆ ಹದಿನೇಳು ಜ್ಯುವೆಲ್. ಗಿರಗಿರನೆ ತಿರುಗುವ ಚಕ್ರದ ತುದಿಗಳು ಸವೆಯದಂತೆ ಅವಕ್ಕೆ ಆಸರೆಯಾಗಿ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳವು. ಕೆಳಗೆ ಬಿದ್ದರೂ ಬ್ಯಾಲೆನ್ಸ್ ಚಕ್ರದ ಸೂಜಿಮೊನೆ ಮುರಿಯದಂತೆ ಕಾಯುವ ಪ್ಯಾರಾಶಾಕ್ ವ್ಯವಸ್ಥೆಯೂ ಅದರಲ್ಲಿತ್ತು. ಗಂಟೆಗೆ 18,000 ಬಡಿತದಂತೆ ದಿನಕ್ಕೆ 4,32,000 ಬಡಿತ, ವರ್ಷಗಟ್ಟಲೆ. ಇವು ಯಾವುವೂ ಅಂಗಡಿಯಲ್ಲಿ ನಿಂತ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಮಾತ್ರ ತಿಳಿಯುತ್ತವೆ. ಮೇಷ್ಟ್ರು, ಗುಮಾಸ್ತರು, ಬಸ್ ಕಂಡಕ್ಟರುಗಳ ಕೈಯಲ್ಲಿ ದಶಕಗಟ್ಟಲೆ ನಡೆದ ಈ ವಾಚು ಇವತ್ತೂ ಊರಿನ ರಿಪೇರಿಯವರ ಮೇಜಿನ ಮೇಲೆ ಬಿಚ್ಚಿಕೊಂಡು, ಎಣ್ಣೆ ಕುಡಿದು, ಮತ್ತೆ ಓಡುತ್ತದೆ. ಕಣ್ಣು ಕಾಣದವರು ಮುಟ್ಟಿ ಸಮಯ ತಿಳಿಯುವಂಥ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು.

ಹೊಸೂರಿನ ಕಥೆ ಇನ್ನೊಂದು ಬಗೆಯದು. 1984ರಲ್ಲಿ ಝೆರ್ಕ್ಸಿಸ್ ದೇಸಾಯಿ ಅವರ ಮುಂದಾಳತ್ವದಲ್ಲಿ ಟೈಟಾನ್ ಹುಟ್ಟಿದಾಗ ದೇಶದ ಪೇಟೆಯಲ್ಲಿ ಕಳ್ಳಸಾಗಣೆಯ ವಿದೇಶಿ ವಾಚುಗಳದ್ದೇ ಮೆರೆದಾಟ. ಆಮದಿನ ಮೇಲೆ ಬಿಗಿ ನಿರ್ಬಂಧ ಇದ್ದುದರಿಂದ ‘ಫಾರಿನ್ ವಾಚು’ ಎಂಬುದಕ್ಕೇ ಒಂದು ಮೋಹವಿತ್ತು. ಟೈಟಾನ್ ಫ್ರಾನ್ಸಿನಿಂದ ತಂತ್ರಜ್ಞಾನ ತಂದು ಕ್ವಾರ್ಟ್ಜ್ ವಾಚಿಗೆ ಒತ್ತು ಕೊಟ್ಟಿತು. ಸುತ್ತಲಿನ ಹಳ್ಳಿ, ಪಟ್ಟಣಗಳಿಂದ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಕರೆತಂದು ಈ ನವಿರಾದ ಕೆಲಸ ಕಲಿಸಿತು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ಹೊಸೂರು ಭಾಗದ ಹಳ್ಳಿ ಹೆಂಗಸರು ಕಟ್ಟಿದ ‘ಮೆಡೋ’ ಎಂಬ ಉದ್ಯಮ ಅದಕ್ಕೆ ವಾಚಿನ ಚೈನುಗಳನ್ನು ಜೋಡಿಸಿಕೊಟ್ಟಿತು. 2002ರಲ್ಲಿ ಬಂದ ಟೈಟಾನ್ ಎಡ್ಜ್ ಒಟ್ಟು ಮೂರೂವರೆ ಮಿಲಿಮೀಟರ್ ದಪ್ಪ. ಅದರ ಒಳಗಿನ ಮೆಷಿನ್ 1.15 ಮಿಲಿಮೀಟರ್. ಅಷ್ಟು ತೆಳುವಾದ ವಾಚು ಮಾಡುವುದು ಜಗತ್ತಿನ ಯಾವ ಕಾರ್ಖಾನೆಗಾದರೂ ಸವಾಲು. ಅಂಥದ್ದನ್ನು ಮಾಡಿದ ಕಂಪನಿಯೇ ಸೊನಾಟಾ ಹೆಸರಿನಲ್ಲಿ ಕೂಲಿಕಾರರಿಗೂ ಎಟುಕುವ ವಾಚನ್ನೂ ಮಾರಿತು. ಅಗ್ಗವಾಗಿ ಮಾಡುವುದಕ್ಕೂ ಕೀಳಾಗಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಈ ಸೀಮೆ ಕೈಯಾರೆ ಮಾಡಿ ತೋರಿಸಿದೆ.

ಕಲಿಕೆಯೂ ಕಳವೂ

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಎಚ್‌ಎಂಟಿಯ ಮೆಷಿನ್ ಸಿಟಿಜನ್‌ನ ವಿನ್ಯಾಸ, ಟೈಟಾನ್ ಕಲಿತದ್ದು ಫ್ರೆಂಚರಿಂದ. ಹಾಗಿದ್ದರೆ ಇವೂ ಒಂದರ್ಥದಲ್ಲಿ ನಕಲುಗಳೇ ಅಲ್ಲವೇ? ಸ್ವಿಸ್ಸರೇನೂ ಹೊರತಲ್ಲ. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಹೋದ ಸ್ವಿಸ್ ತಯಾರಕರು ಅಮೆರಿಕದ ವಾಲ್ಥಮ್ ಕಾರ್ಖಾನೆಯಲ್ಲಿ ಯಂತ್ರಗಳಿಂದ ವಾಚು ಮಾಡುವುದನ್ನು ಕಂಡು ಬೆಚ್ಚಿ, ಊರಿಗೆ ಮರಳಿ ಅದೇ ದಾರಿ ಹಿಡಿದರು. ಜಪಾನ್ ಸ್ವಿಸ್ಸರನ್ನು ನೋಡಿ ಕಲಿತು, 1969ರ ಡಿಸೆಂಬರ್ 25ರಂದು ಸೈಕೊ ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಪೇಟೆಗೆ ಬಿಟ್ಟು ಗುರುವನ್ನೇ ಅಲ್ಲಾಡಿಸಿತು. ನೋಡಿ ಕಲಿಯದೆ ಯಾವ ಕಸುಬೂ ಬೆಳೆದಿಲ್ಲ, ಬೆಳೆಯುವುದೂ ಇಲ್ಲ. ಈ ಆಕ್ಷೇಪ ನಿಜ. ಆದರೆ ಅದರಿಂದ ಕಾಪಿಯ ಪರವಾದ ತೀರ್ಮಾನ ಹೊರಡುವುದಿಲ್ಲ. ಎಚ್‌ಎಂಟಿ ಒಪ್ಪಂದ ಮಾಡಿಕೊಂಡು ಕಲಿತು, ಡಯಲಿನ ಮೇಲೆ ತನ್ನ ಹೆಸರನ್ನು ದೇವನಾಗರಿಯಲ್ಲೂ ಬರೆಯಿತು. ವಾಚು ನಿಂತರೆ ಬೈಗುಳ ತಿನ್ನುವುದಕ್ಕೂ ಅದೇ ಸಿದ್ಧವಿತ್ತು. ಕಲಿತವರು ಕಲಿತದ್ದರ ಮೇಲೆ ಏನನ್ನೋ ಕಟ್ಟುತ್ತಾರೆ, ಕಟ್ಟಿದ್ದಕ್ಕೆ ಸಹಿ ಹಾಕುತ್ತಾರೆ. ಕಾಪಿಯಲ್ಲಿ ಕಲಿಕೆ ನಡೆದರೂ ಅದು ಯಾರ ಹೆಸರಿನಲ್ಲೂ ಜಮೆಯಾಗುವುದಿಲ್ಲ. ಇನ್ನೊಬ್ಬರ ಸಹಿ ಹಾಕಿದ ಕೆಲಸಗಾರ ಎಷ್ಟೇ ಜಾಣನಿದ್ದರೂ ತನ್ನದೊಂದು ಪರಂಪರೆ ಕಟ್ಟಲಾರ.

ಸಹಿಯ ಪ್ರಶ್ನೆ ಈ ಕಸುಬಿನಷ್ಟೇ ಹಳೆಯದು. ಹದಿನೆಂಟನೆಯ ಶತಮಾನದಲ್ಲೇ ಲಂಡನ್ನಿನ ಹೆಸರಾಂತ ಗಡಿಯಾರಗಾರರ ಹೆಸರು ಕೊರೆದ ಅಗ್ಗದ ಜೇಬು ಗಡಿಯಾರಗಳು ಯುರೋಪಿನಲ್ಲಿ ಮಾರಾಟವಾಗುತ್ತಿದ್ದವು. ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆ ಇದರಿಂದ ಬೇಸತ್ತು, 1795ರ ಸುಮಾರಿನಿಂದ ತನ್ನ ಗಡಿಯಾರಗಳ ಡಯಲಿನ ಮೇಲೆ ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ನವಿರಾಗಿ ತನ್ನ ಹೆಸರು ಕೊರೆಸತೊಡಗಿದ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಗುಪ್ತ ಸಹಿ ಅದು. ಮಾಡಿದವರು ಯಾರು ಎಂದು ಕೊಂಡವರಿಗೆ ಖಚಿತವಾಗಿ ತಿಳಿಯಬೇಕು ಎಂಬ ಹಂಬಲವೇ ಅವನ ಆ ಶ್ರಮದ ಹಿಂದಿದ್ದದ್ದು. ನಮ್ಮ ನಡುವಿನ ವ್ಯವಹಾರದಲ್ಲೂ ಇದೇ ನ್ಯಾಯ. ಸೇಲಂನ ಬೆಳ್ಳಿ ಗೆಜ್ಜೆಗಳಿಗೆ ದೇಶದಲ್ಲೆಲ್ಲ ಹೆಸರಿದೆ. ಬಿಳಿ ಲೋಹದ ಗೆಜ್ಜೆಯನ್ನು ಬಿಳಿ ಲೋಹ ಎಂದೇ ಹೇಳಿ ಮಾರಿದರೆ ಅದು ಬಡವರ ಮನೆಯ ಮಗಳ ಕಾಲಿಗೂ ಚೆಂದ. ಅದನ್ನೇ ಬೆಳ್ಳಿ ಎಂದು ಮಾರಿದರೆ ಮೋಸ. ಲೋಹ ಬದಲಾಗಿಲ್ಲ, ಬದಲಾದದ್ದು ಮಾತು. ಅಗ್ಗದ ವಾಚಿನ ವಿಷಯವೂ ಇಷ್ಟೇ.

ಹಾಗಾದರೆ ದೊಡ್ಡ ಕಂಪನಿಗಳೂ ಹೆಸರಿಗೇ ತಾನೇ ದುಡ್ಡು ಕೀಳುವುದು, ಅವರಿಂದ ಕದ್ದರೆ ಯಾರಿಗೆ ನಷ್ಟ ಎಂದು ಕೇಳಬಹುದು. ‘ಸ್ವಿಸ್ ಮೇಡ್’ ಎಂಬ ಮುದ್ರೆಗೇ 2017ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ತಯಾರಿಕಾ ವೆಚ್ಚದ ಕನಿಷ್ಠ ಶೇ 60ರಷ್ಟು ಸ್ವಿಟ್ಜರ್ಲೆಂಡಿನಲ್ಲಿ ಆಗಿರಬೇಕು. ಉಳಿದ ವೆಚ್ಚ ಹೊರದೇಶಗಳಲ್ಲಿ ಆಗಬಹುದು. ಹೀಗಿರುವಾಗ ಅಸಲಿ ಎಂಬ ಮಾತಿಗೆ ಬೆಲೆ ಎಲ್ಲಿ? ಐಷಾರಾಮದ ಬೆಲೆಗಳು ಅತಿಯಾದವು ಎಂಬ ದೂರಿನಲ್ಲಿ ಹುರುಳಿದೆ. ಅದಕ್ಕೆ ಸರಿಯಾದ ಉತ್ತರ ಆ ವಾಚನ್ನು ಕೊಳ್ಳದಿರುವುದು. ಕಾಪಿ ಕೊಂಡವರು ಆ ಹೆಸರಿನ ವಿರುದ್ಧ ಬಂಡೆದ್ದಂತಾಗುವುದಿಲ್ಲ. ಅದೇ ಹೆಸರಿಗೆ ಮಣಿದು, ಅದನ್ನು ಪುಕ್ಕಟೆ ಜಾಹೀರಾತಿನಂತೆ ಮಣಿಕಟ್ಟಿನ ಮೇಲೆ ಹೊತ್ತು ತಿರುಗುತ್ತಾರೆ. ಹೆಸರಿಗೆ ಅಷ್ಟು ಬೆಲೆ ಕೊಡಬಾರದು ಎಂದು ನಿಜವಾಗಿ ನಂಬಿದವರು ಜನತಾ ಕಟ್ಟಿಕೊಳ್ಳಬೇಕು. ಶೇ 60ರ ನಿಯಮದ ಬಗ್ಗೆ ಹೇಳುವುದಾದರೆ, ಅದು ಬಹಿರಂಗವಾಗಿ ಬರೆದಿಟ್ಟ ನಿಯಮ. ಕಡಿಮೆ ಎನಿಸಿದರೆ ಪ್ರಶ್ನಿಸಬಹುದು. ಕಾಪಿಯ ಬಗ್ಗೆ ಪ್ರಶ್ನಿಸಲು ಯಾರ ಬಳಿಗೆ ಹೋಗಬೇಕು?

ಇತ್ತೀಚೆಗೆ ಕೇಳಿಬರುವ ಇನ್ನೊಂದು ವಾದ ‘ಸೂಪರ್ ಕ್ಲೋನ್’ಗಳದ್ದು. ಇವುಗಳಲ್ಲಿ ನಿಜವಾದ ಸಫೈರ್ ಗಾಜು, ಒಳ್ಳೆಯ ಉಕ್ಕು, ಅಸಲಿಯ ಭಾಗಗಳನ್ನೇ ಹೋಲುವ ಮೆಷಿನ್ ಇರುತ್ತವೆ. ಪಳಗಿದವರೂ ಮುಚ್ಚಳ ಬಿಚ್ಚದೆ ಗುರುತಿಸಲು ತಡವರಿಸುತ್ತಾರೆ. ಒಳಗೆ ದುಡ್ಡು ಹಾಕುವುದೇ ಇಲ್ಲ ಎಂದು ಮೇಲೆ ಹೇಳಿದ್ದು ಇವಕ್ಕೆ ಪೂರ್ತಿ ಅನ್ವಯಿಸುವುದಿಲ್ಲ, ನಿಜ. ಆದರೆ ಇವುಗಳ ಬೆಲೆ ಹತ್ತಾರು ಸಾವಿರ. ಆ ದುಡ್ಡಿಗೆ ಸೈಕೊ, ಸಿಟಿಜನ್, ಟೈಟಾನ್‌ಗಳ ಗಟ್ಟಿಯಾದ ಆಟೊಮ್ಯಾಟಿಕ್ ವಾಚುಗಳು ಗ್ಯಾರಂಟಿ ಕಾರ್ಡಿನ ಸಮೇತ ಸಿಗುತ್ತವೆ. ಕೀಲಿ ವಾಚಿಗೆ ಕೆಲವು ವರ್ಷಗಳಿಗೊಮ್ಮೆ ಸರ್ವಿಸ್ ಬೇಕೇ ಬೇಕು: ಎಣ್ಣೆ ಒಣಗುತ್ತದೆ, ವಾಷರ್ ಸವೆಯುತ್ತದೆ. ಕ್ಲೋನ್‌ಗೆ ಕಂಪನಿಯ ಸರ್ವಿಸ್ ಸೆಂಟರ್ ಬಾಗಿಲು ತೆರೆಯುವುದಿಲ್ಲ. ಭಾಗ ಮುರಿದರೆ ಅದೇ ಅಳತೆಯದ್ದು ಸಿಗುವ ಭರವಸೆ ಇಲ್ಲ, ಮಾರಲು ಹೋದರೆ ಮಾರುವುದೇ ಅಪರಾಧ. ಕುಶಲತೆ ಹೆಚ್ಚಿದಷ್ಟೂ ಅಪಾಯವೂ ಹೆಚ್ಚುತ್ತದೆ. ಸಾವಿರ ರೂಪಾಯಿಯ ಕಾಪಿ ಕೊಂಡವರಿಗೆ ಅದು ಕಾಪಿ ಎಂದು ಗೊತ್ತಿರುತ್ತದೆ. ಕ್ಲೋನ್ ಎರಡನೆಯ, ಮೂರನೆಯ ಕೈ ದಾಟುವಾಗ ಅಸಲಿ ಎಂದೇ ದಾಟುತ್ತದೆ. ಕೊನೆಗೆ ಕೈ ಸುಟ್ಟುಕೊಳ್ಳುವುದು ಬೆವರಿನ ದುಡ್ಡು ಕೂಡಿಟ್ಟು ಹಳೆಯ ವಾಚು ಕೊಂಡ ಅಮಾಯಕರು.

ಬಡವರ ವಾಚಿಗೂ ನಕಲು

ನಕಲಿಯ ಕೇಡು ಶ್ರೀಮಂತ ಕಂಪನಿಗಳನ್ನು ದಾಟಿ ನಮ್ಮ ಮನೆ ಬಾಗಿಲಿಗೆ ಬಂದಿರುವುದಕ್ಕೆ ಎಚ್‌ಎಂಟಿಯ ಇಂದಿನ ಸ್ಥಿತಿಯೇ ಪುರಾವೆ. ನಷ್ಟದಲ್ಲಿದ್ದ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು, ತುಮಕೂರಿನ ಕಾರ್ಖಾನೆಯೂ ನಿಂತಿತು. ಅಲ್ಲಿಂದ ಈಚೆಗೆ ಜನತಾ, ಪೈಲಟ್ ಮುಂತಾದ ಎಚ್‌ಎಂಟಿ ಮಾದರಿಗಳನ್ನು ಹುಡುಕಿ ಕೊಳ್ಳುವವರ ಸಂಖ್ಯೆ ಬೆಳೆಯಿತು. ಅದರ ಬೆನ್ನಿಗೇ ನಕಲುಗಳೂ ಬಂದವು. ಹಳೆಯ, ಸವೆದ ಎಚ್‌ಎಂಟಿ ಮೆಷಿನ್‌ಗಳಿಗೆ ಹೊಸದಾಗಿ ಅಚ್ಚು ಹಾಕಿದ ಡಯಲ್, ಯಾವುದೋ ವಾಚಿನ ಮುಳ್ಳು, ಮತ್ಯಾವುದೋ ಕೇಸು ಜೋಡಿಸಿ ‘ಹಳೇ ಸ್ಟಾಕ್’ ಎಂದು ಮಾರುವ ವ್ಯಾಪಾರ ಇಂಟರ್ನೆಟ್ಟಿನಲ್ಲಿ ಭರ್ಜರಿಯಾಗಿ ನಡೆದಿದೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ: ಅಕ್ಷರಗಳ ಅಂಚು ಮಸಿ ಹರಡಿದಂತೆ ದಪ್ಪ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂರುವುದಿಲ್ಲ, ಕಾರ್ಖಾನೆ ಎಂದೂ ಮಾಡದ ಬಣ್ಣಗಳ ಡಯಲ್‌ಗಳು. ಹಳೆಯ ವಾಚನ್ನು ರಿಪೇರಿ ಮಾಡಿ, ಡಯಲ್ ಹೊಸದು ಎಂದು ಹೇಳಿ ಮಾರುವುದು ಒಳ್ಳೆಯ ಕಸುಬು, ಅದರಿಂದ ಎಷ್ಟೋ ಮೆಷಿನ್‌ಗಳು ಗುಜರಿಗೆ ಹೋಗುವುದು ತಪ್ಪಿದೆ. ಹೇಳದೆ ಮಾರುವುದು ಕಳವು. ಜನಸಾಮಾನ್ಯರಿಗೆಂದೇ ಮಾಡಿದ ವಾಚಿಗೂ ನಕಲು ಹುಟ್ಟಿದೆ ಎಂದರೆ, ನಕಲಿ ಬೆನ್ನಟ್ಟುವುದು ಬೆಲೆಯನ್ನಲ್ಲ, ವಿಶ್ವಾಸವನ್ನು. ಜಾಲಹಳ್ಳಿಯ ಕೆಲಸಗಾರರು ಐದು ದಶಕ ದುಡಿದು ಗಳಿಸಿದ ವಿಶ್ವಾಸ ಅದು. ಟೈಟಾನ್, ಅದರದೇ ಫಾಸ್ಟ್‌ಟ್ರ್ಯಾಕ್ ಹೆಸರಿನ ನಕಲಿಗಳೂ ದೇಶದ ಹಲವು ನಗರಗಳಲ್ಲಿ ಸಿಕ್ಕಿಬಿದ್ದಿವೆ. ಅಲ್ಲಿ ಕದ್ದದ್ದು ಹೊಸೂರಿನ ದುಡಿಮೆಯನ್ನು.

ಕೊನೆಯ ಆಕ್ಷೇಪ ಮನುಷ್ಯಸಹಜವಾದದ್ದು, ಗೌರವದಿಂದಲೇ ಉತ್ತರಿಸಬೇಕಾದದ್ದು. ಮೊದಲ ಸಂಬಳ ಬಂದ ಹುಡುಗನೋ ಹುಡುಗಿಯೋ ಮದುವೆಮನೆಗೆ ಹೋಗುವಾಗ ಚೆಂದದ ವಾಚು ಕಟ್ಟಿಕೊಳ್ಳಲು ಆಸೆಪಟ್ಟರೆ ತಪ್ಪೇನು? ಆಸೆಯಲ್ಲಿ ಏನೂ ತಪ್ಪಿಲ್ಲ. ಕಾನೂನು ಕೂಡ ಅವರನ್ನು ಹಿಡಿಯುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಸುಳ್ಳು ಗುರುತು ಹಾಕುವವರಿಗೆ, ಅಂಥ ಸರಕು ಮಾರುವವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಸ್ವಂತಕ್ಕೆಂದು ಒಂದನ್ನು ಕೊಂಡವರಿಗಲ್ಲ. 2007ರ ನಿಯಮಗಳ ಪ್ರಕಾರ ಕಸ್ಟಮ್ಸ್ ಅಧಿಕಾರಿಗಳು ಬಂದರಿನಲ್ಲೇ ನಕಲಿ ಸರಕನ್ನು ತಡೆಯಬಹುದು. ಇಷ್ಟಿದ್ದೂ ವ್ಯಾಪಾರ ನಿಂತಿಲ್ಲ. 2019ರಲ್ಲಿ ಜಗತ್ತಿನ ನಕಲಿ ಸರಕಿನ ವಹಿವಾಟು 464 ಶತಕೋಟಿ ಡಾಲರ್, ಎಂದರೆ ವಿಶ್ವವ್ಯಾಪಾರದ ಶೇ 2.5ರಷ್ಟು, ಎಂಬುದು ಒಇಸಿಡಿ ಮತ್ತು ಯುರೋಪಿನ ಬೌದ್ಧಿಕ ಆಸ್ತಿ ಕಚೇರಿಯ ಅಂದಾಜು. ಆಸೆಪಟ್ಟ ಆ ಹುಡುಗ ಹುಡುಗಿಯರನ್ನು ಬೈದು ಇದನ್ನು ನಿಲ್ಲಿಸಲಾಗದು. ಅವರ ಆಸೆಗೆ ತಕ್ಕ ಒಳ್ಳೆಯ ಸರಕು ಅದೇ ಬೆಲೆಗೆ, ಅಷ್ಟೇ ಸುಲಭವಾಗಿ ಸಿಗಬೇಕು. ಕಾಪಿ ಕೊಂಡ ಹುಡುಗನಿಗೆ ಆಗುವ ನಿಜವಾದ ನಷ್ಟ, ಅದೇ ದುಡ್ಡಿಗೆ ಹತ್ತು ವರ್ಷ ಓಡುವ ವಾಚು ಸಿಗುತ್ತಿತ್ತು ಎಂಬುದು.

ಆದ್ದರಿಂದ ಕೊಳ್ಳುವವರು ಡಯಲಿನ ಮೇಲಿನ ಹೆಸರಿಗಿಂತ ಮೊದಲು ಮೂರು ಪ್ರಶ್ನೆ ಕೇಳಬೇಕು. ಕೆಟ್ಟರೆ ಎಲ್ಲಿಗೆ ತರಬೇಕು, ಬಿಲ್ಲಿನ ಮೇಲೆ ಯಾರ ಹೆಸರಿರುತ್ತದೆ, ಒಳಗಿರುವ ಮೆಷಿನ್ ಯಾವುದು? ಮೂರಕ್ಕೂ ನೇರ ಉತ್ತರ ಸಿಕ್ಕರೆ ಎಂಟುನೂರು ರೂಪಾಯಿಯ ವಾಚೂ ಅಸಲಿ. ಎಚ್‌ಎಂಟಿ ವಾಚಸ್ ಮುಚ್ಚಿದರೂ ಮೂಲ ಸಂಸ್ಥೆಯಾದ ಎಚ್‌ಎಂಟಿ ಈಗಲೂ ಸಣ್ಣ ಪ್ರಮಾಣದಲ್ಲಿ ವಾಚು ಜೋಡಿಸಿ ಮಾರುತ್ತಿದೆ. ಬೇಡಿಕೆ ಪೂರೈಸುವಷ್ಟು ಅದು ಬೆಳೆದರೆ, ಹಳೆಯ ವಾಚುಗಳಿಗೆ ಅಧಿಕೃತ ಡಯಲ್, ಬಿಡಿಭಾಗಗಳನ್ನು ಒದಗಿಸಿದರೆ, ನಕಲಿ ಪೈಲಟ್‌ಗಳ ಪೇಟೆ ತಾನಾಗಿ ಕುಗ್ಗುತ್ತದೆ. ಸ್ವಿಟ್ಜರ್ಲೆಂಡನ್ನೂ ಒಳಗೊಂಡ ಯುರೋಪಿನ ಮುಕ್ತ ವ್ಯಾಪಾರ ಒಕ್ಕೂಟದ (ಇಎಫ್‌ಟಿಎ) ದೇಶಗಳೊಂದಿಗೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಮೇಲಿನ ಸುಂಕ ಹಂತಹಂತವಾಗಿ ಇಳಿಯಲಿದೆ. ಆ ಹೆಸರುಗಳ ಹೊಳಪು ನಮ್ಮ ಪೇಟೆಗಳಲ್ಲಿ ಇನ್ನಷ್ಟು ಹೆಚ್ಚಲಿದೆ, ಅದರ ಬೆನ್ನಿಗೇ ಕಾಪಿಗಳೂ ಹೆಚ್ಚಲಿವೆ. ಆಗ ಹೊಸೂರಿನಿಂದ ಅದಿಯಮಾನ್‌ಕೋಟೆಯವರೆಗಿನ ಈ ಸೀಮೆ ತನ್ನ ಹೆಸರಿನ ಸಾದಾ ವಾಚಿನ ಬಗ್ಗೆ ನಾಚಬೇಕಾದ ಕಾರಣವಿಲ್ಲ. ದುಬಾರಿ ವಾಚನ್ನು ಅಸಲಿಯಾಗಿ ಮಾಡಲು ಹಣವಂತ ಗಿರಾಕಿಗಳಿದ್ದರೆ ಸಾಕು. ಅಗ್ಗದ ವಾಚನ್ನು ಅಸಲಿಯಾಗಿ ಮಾಡಬೇಕಾದರೆ ಯಾರೂ ನೋಡದ ಕಡೆಯಲ್ಲೂ ಸರಿಯಾದದ್ದನ್ನೇ ಹಾಕುವ ಕೆಲಸಗಾರರು ಬೇಕು, ತನ್ನ ಹೆಸರು ಹಾಕಲು ಅಂಜದ ಕಾರ್ಖಾನೆ ಬೇಕು. ಎರಡನೆಯದೇ ಹೆಚ್ಚು ಕಷ್ಟದ ಕೆಲಸ, ನಾವು ಹೆಚ್ಚು ಗೌರವಿಸಬೇಕಾದದ್ದೂ ಅದನ್ನೇ.